ಎಲ್ಲರ ಉಸಿರೂ 20

ಮಹಾರಾಷ್ಟ್ರದ ಮಿರಜಿನಲ್ಲಿ ಆಸ್ಪತ್ರೆಯಿಲ್ಲದ ಗಲ್ಲಿ ಹುಡುಕುವುದು ಕಷ್ಟ. ಕೆನಡಾದಿಂದ ಬಂದ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ಶುರುಮಾಡಿದಾಗಿನಿಂದ ಬೆಳೆದ ಊರು ಇದು. ಅಥಣಿ, ರಾಯಬಾಗ, ಕಾಗವಾಡದ ಕಡೆಯವರು ಈಗಲೂ ಕಾಯಿಲೆ ದೊಡ್ಡದಾಯಿತೆಂದರೆ ಮಿರಜಿನ ಗಾಡಿ ಹತ್ತುತ್ತಾರೆ. ಇಲ್ಲಿಯ ಮತ್ತು ಸಾಂಗಲಿಯ ನರ್ಸಿಂಗ್ ಹೋಮ್‌ಗಳಲ್ಲಿ ನಾನು ದುಡಿದದ್ದು ಅವರ ನಡುವೆಯೇ. ರೋಗಿ ಹೇಳುವುದು ಕನ್ನಡದಲ್ಲಿ, ನಾವು ಡ್ಯೂಟಿ ಒಪ್ಪಿಸುವುದು ಮರಾಠಿಯಲ್ಲಿ, ಕೇಸ್ ಪೇಪರ್ ಬರೆಯುವುದು ಇಂಗ್ಲಿಷಿನಲ್ಲಿ.

ಬರೆಯುವ ಕೆಲಸ ಖುಷಿಯಿಂದ ಮಾಡುವ ಸಿಸ್ಟರ್ ಒಬ್ಬರನ್ನೂ ನಾನು ಕಂಡಿಲ್ಲ. ‘ಪೇಷಂಟ್ ನೋಡ್ಲೋ, ಪೇಪರ್ ನೋಡ್ಲೋ’ ಎಂಬ ಗೊಣಗು ಎಲ್ಲ ವಾರ್ಡಿನಲ್ಲೂ ಇದೆ. ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ ಎಂದು ನಮಗೆ ಕಲಿಸಿದ್ದರು. ಆ ಪಾಠದ ಮೇಲೆ ನನ್ನದೊಂದು ತಕರಾರಿದೆ: ಅದಕ್ಕೆ ಹೆದರಿದವರು ಮಾಡದ್ದನ್ನೂ ಬರೆದುಬಿಡುತ್ತಾರೆ. ರಾತ್ರಿ ಒಂದು ಮಹಡಿಗೆ ಒಬ್ಬ ಸಿಸ್ಟರ್, ಒಬ್ಬ ಮಾವಶಿ (ಆಯಾ). ಸಲಾಯಿನ್ ಬದಲಿಸುವುದರಲ್ಲೇ ಬೆಳಗಾಗುತ್ತದೆ. ಆಮೇಲೆ ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟ್ ಮುಂದಿಟ್ಟುಕೊಂಡು ಕುಳಿತರೆ ಎಲ್ಲರ ನಾಡಿ 78 ಇಲ್ಲವೇ 80, ಎಲ್ಲರ ಉಸಿರೂ 20. ಇಷ್ಟು ಚಂದದ ಚಾರ್ಟ್ ಕಂಡರೆ ಈಗ ನನಗೆ ಅನುಮಾನ. ನಿಮೋನಿಯಾ ಕೆಡುತ್ತಿದೆ ಎಂಬುದನ್ನು ಬಹಳ ಸಲ ಮೊದಲು ಹೇಳುವುದು ಉಸಿರು. 20 ಇದ್ದದ್ದು 24, 28 ಆಗುತ್ತ ಹೋಗುತ್ತದೆ, ಬಿಪಿ ಬೀಳುವುದು ಆಮೇಲೆ. ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸದೆ ಇದು ಸಿಗುವುದಿಲ್ಲ. ಎಣಿಸಲು ಆಗದಿದ್ದರೆ ಆ ಮನೆ ಖಾಲಿ ಬಿಡಿ ಎಂದು ಹೊಸ ಹುಡುಗಿಯರಿಗೆ ಹೇಳುತ್ತೇನೆ. ಖಾಲಿ ಮನೆ ನೋಡಿ ಬೈಯುವವರಿದ್ದಾರೆ, ಬೈಯಲಿ.

ರೋಗಿ ಬಂದ ಕೂಡಲೇ ಕೇಳುವ ಔಷಧಿ ವಿಚಾರವೂ ಹೀಗೆಯೇ. ‘ಗುಳಿಗಿ ಏನರ ತಗೋತೀರೇನ್ರಿ ಅಜ್ಜಾ?’ ಎಂದರೆ ‘ಏನಿಲ್ಲವ್ವಾ’ ಎನ್ನುತ್ತಾರೆ. ಅಷ್ಟಕ್ಕೇ ಬರೆದು ಮುಗಿಸಬಾರದು. ‘ಚೀಲದಾಗ ಏನೈತಿ, ತೋರಸ್ರಿ’ ಎಂದರೆ ಎಲೆ ಅಡಿಕೆ ಸಂಚಿಯಿಂದ ರಕ್ತ ತೆಳುವಾಗಿಸುವ ಗುಳಿಗೆಯ ಪಟ್ಟಿ ಹೊರಬರುತ್ತದೆ. ಅಜ್ಜನ ಲೆಕ್ಕದಲ್ಲಿ ಅದು ಔಷಧಿಯಲ್ಲ, ದಿನಾ ನುಂಗುವುದು. ಮರುದಿನ ಆಪರೇಷನ್ ಇರುವವರ ಕೇಸ್ ಪೇಪರಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಏನಾದೀತು!

ರಾತ್ರಿ ಡಾಕ್ಟರು ಫೋನಿನಲ್ಲಿ ಹೇಳಿದ ಡೋಸನ್ನು ಅವರಿಗೇ ತಿರುಗಿ ಓದಿ ಹೇಳಿ, ಹೊತ್ತು ಹಾಕಿ, ಬೆಳಿಗ್ಗೆ ರೌಂಡಿಗೆ ಬಂದೊಡನೆ ಸಹಿ ಕೇಳುತ್ತೇನೆ. ಸಿಟ್ಟಾಗುವವರೂ ಇದ್ದಾರೆ.

ಈ ಕಾಗದಗಳಿಗೆ ಕಾನೂನಿನ ತೂಕವೂ ಇದೆ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳರೋಗಿಯ ದಾಖಲೆ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ. ಎರಡೂ ಬೇಕಾದವೇ. ಆದರೆ ಕೋರ್ಟು, ಆಮೇಲೆ ಬಂದ ವಿಮೆ ಕಂಪನಿಗಳು ಕಣ್ಮುಂದೆ ನಿಂತ ಮೇಲೆ ಫೈಲು ದಪ್ಪವಾಯಿತು, ನರ್ಸ್ ಬರೆಯುವ ಜಾಗ ಸಣ್ಣದಾಯಿತು. ಕ್ಲೇಮಿನ ಕಾಗದಕ್ಕೆ ಇರುವ ಅವಸರ ಯೂರಿನ್ ಎಷ್ಟಾಯಿತು ಎಂಬ ಸಾಲಿಗೆ ಇಲ್ಲ. ನನ್ನ ಮಟ್ಟಿಗೆ ಕೇಸ್ ಪೇಪರನ್ನು ಮೊದಲು ಓದುವವಳು ಮುಂದಿನ ಡ್ಯೂಟಿಗೆ ಬರುವ ಸಿಸ್ಟರ್. ಅವಳಿಗೆ ಅರ್ಥವಾಗುವಂತೆ ಬರೆದದ್ದು ವಕೀಲರಿಗೂ ಅರ್ಥವಾಗುತ್ತದೆ. ಕಂಪ್ಯೂಟರ್ ಬಂದಲ್ಲೂ ನಿನ್ನೆಯ ನೋಟ್ಸನ್ನೇ ಕಾಪಿ ಹೊಡೆದು ತಾರೀಖು ಬದಲಿಸುವುದನ್ನು ನೋಡಿದ್ದೇನೆ.

2019ರ ಆಗಸ್ಟಿನಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಹತ್ತಿರ ಕೃಷ್ಣೆ ಪ್ರವಾಹದಲ್ಲಿ 57 ಅಡಿ ದಾಟಿದಳು. ನೆಲಮಹಡಿಯಲ್ಲಿಟ್ಟ ಕಾಗದಕ್ಕೆ ಕಾನೂನಿನ ಮೂರು ವರ್ಷವೆಂಬುದು ಈ ಊರುಗಳಲ್ಲಿ ಖಾತ್ರಿಯಲ್ಲ. ಅದಕ್ಕೇ ಅಥಣಿ ಕಡೆಯ ಪೇಷಂಟ್ ಡಿಸ್ಚಾರ್ಜ್ ಆಗುವಾಗ ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಕೂರಿಸಿ, ಡಿಸ್ಚಾರ್ಜ್ ಕಾರ್ಡಿನ ಎರಡೂ ಬದಿ ಫೋನಿನಲ್ಲಿ ಫೋಟೋ ಹೊಡೆಸುತ್ತೇನೆ. ಆಮೇಲೆ ಬಿಲ್ಲಿನ ಕೌಂಟರಿಗೆ ಕಳಿಸುತ್ತೇನೆ.