ಅಂಗಡಿ ಆ್ಯಪಿನಲ್ಲಿ ಉಳಿದುಹೋದ ನಮ್ಮ ಕಾರ್ಡು



ಈಗೀಗ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲ, ಬಡ್ಡಿ ಲೆಕ್ಕ ಎಲ್ಲಾ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ಸಿಸ್ಟರ್, ಮೊಬೈಲಲ್ಲಿ ನೈಟಿ ಆರ್ಡರ್ ಹಾಕಿದ್ರೆ ಕೊನೇಲಿ ಕಾರ್ಡ್ ಸೇವ್ ಮಾಡ್ಲಾ ಅಂತ ಕೇಳುತ್ತೆ. ಹೂಂ ಅನ್ಬೇಕಾ, ಬೇಡ್ವಾ?” ಇನ್ನು ಕೆಲವರದ್ದು ಅದರ ಮುಂದಿನ ಪ್ರಶ್ನೆ: “ಆವತ್ತು ಹೂಂ ಅಂದ್ಬಿಟ್ಟೆ, ಈಗ ತೆಗೆಯೋದು ಹೇಗೆ?”

ಎರಡೂ ಒಳ್ಳೆಯ ಪ್ರಶ್ನೆಗಳೇ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರ ಎಟಿಎಂ ಕಾರ್ಡು ಯಾವ ಖಾತೆಯದ್ದು ಎಂದು ನೋಡಿದರೆ, ಅದೇ ಖಾತೆಗೆ ಕೂಲಿ ಹಣ ಬರುತ್ತದೆ, ಹಾಲಿನ ಬಟವಾಡೆ ಬರುತ್ತದೆ, 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಹಣವೂ ಬರುತ್ತದೆ. ಸಂಘದ ಸಾಲದ ಕಂತು ಕಟ್ಟಲು ಇಟ್ಟದ್ದೂ ಅಲ್ಲೇ, ಮಗಳ ಫೀಸಿಗೆ ಇಟ್ಟದ್ದೂ ಅಲ್ಲೇ. ಇರುವ ಒಂದೇ ಖಾತೆ, ಒಂದೇ ಕಾರ್ಡು. ಆ ಕಾರ್ಡು ಅಂಗಡಿ ಆ್ಯಪಿನಲ್ಲಿ ಕುಳಿತಿದೆ ಎಂದರೆ ಮನೆಯ ಅಷ್ಟೂ ದುಡ್ಡಿಗೆ ಅಲ್ಲೊಂದು ಬಾಗಿಲು ಇದೆ ಎಂದೇ ಲೆಕ್ಕ. ಬಾಗಿಲು ಇರುವುದು ತಪ್ಪಲ್ಲ. ಅದರ ಚಿಲಕ ಯಾರ ಕೈಯಲ್ಲಿದೆ ಎಂಬುದು ನಮಗೆ ಗೊತ್ತಿರಬೇಕು.

ಸೇವ್ ಮಾಡಿದರೆ ಆಗುವುದೇನು?

ಮೊದಲೆಲ್ಲ ಕಾರ್ಡ್ ಸೇವ್ ಮಾಡಿದರೆ ಅದರ ಹದಿನಾರು ಅಂಕಿಯ ನಂಬರು, ಅವಧಿ ಮುಗಿಯುವ ತಿಂಗಳು ಎಲ್ಲವೂ ಆ ಅಂಗಡಿ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಆ ಕಂಪ್ಯೂಟರಿಗೆ ಕಳ್ಳರು ನುಗ್ಗಿದರೆ ಸಾವಿರಾರು ಜನರ ಕಾರ್ಡಿನ ವಿವರ ಒಟ್ಟಿಗೇ ಕಳವಾಗುವ ಭಯ. ಹಾಗಾಗಿ ರಿಸರ್ವ್ ಬ್ಯಾಂಕು 2022ರ ಅಕ್ಟೋಬರ್ 1ರಿಂದ ನಿಯಮ ಬದಲಾಯಿಸಿತು. ಈಗ ನಮ್ಮ ದೇಶದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕು, ಮತ್ತು ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಅಂಥ ಕಾರ್ಡ್ ಜಾಲದವರು, ಇವರನ್ನು ಬಿಟ್ಟು ಬೇರೆ ಯಾರೂ ಕಾರ್ಡಿನ ಪೂರ್ತಿ ನಂಬರು ಇಟ್ಟುಕೊಳ್ಳುವಂತಿಲ್ಲ. ಅಂಗಡಿಯವರಿಗೆ ಸಿಗುವುದು ಟೋಕನ್ ಮಾತ್ರ. ಗುರುತಿಗೆಂದು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಅವರ ಹತ್ತಿರ ಇರಬಹುದು, ಅಷ್ಟೇ.

ಟೋಕನ್ ಎಂದರೆ ಏನು ಎಂದು ಕೇಳಿದರೆ, ಜಾತ್ರೆಯಲ್ಲಿ ಚಪ್ಪಲಿ ಸ್ಟ್ಯಾಂಡಿನವರು ಕೊಡುವ ಬಿಲ್ಲೆಯನ್ನು ನೆನಪು ಮಾಡಿಕೊಳ್ಳಿರಿ. ಈ ಸ್ಟ್ಯಾಂಡಿನ ಬಿಲ್ಲೆ ಆ ಸ್ಟ್ಯಾಂಡಿನಲ್ಲಿ ನಡೆಯುವುದಿಲ್ಲ. ಹಾಗೆಯೇ ನಿಮ್ಮ ಕಾರ್ಡಿಗೆ ಅಮೆಜಾನಿನಲ್ಲಿ ಆದ ಟೋಕನ್ ಬೇರೆ, ಫ್ಲಿಪ್‌ಕಾರ್ಟಿನಲ್ಲಿ ಆದದ್ದು ಬೇರೆ. ಒಂದನ್ನು ಕದ್ದವನಿಗೆ ಇನ್ನೊಂದು ಕಡೆ ಅದರಿಂದ ಪ್ರಯೋಜನವಿಲ್ಲ. ಟೋಕನ್ ಮಾಡಲು ನಮ್ಮ ಒಪ್ಪಿಗೆ ಬೇಕು, ಓಟಿಪಿ ಬೇಕು, ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮತ್ತು ಇದು ಕಡ್ಡಾಯವೂ ಅಲ್ಲ. ಬೇಡ ಎಂದವರು ಪ್ರತಿ ಸಲ ಪೂರ್ತಿ ನಂಬರು ಹಾಕಿ ದುಡ್ಡು ಕಟ್ಟಬಹುದು.

ಹಾಗಾದರೆ ಹೆದರುವುದು ಏನು ಉಳಿಯಿತು ಸಿಸ್ಟರ್ ಎಂದು ನೀವು ಕೇಳಬಹುದು. ಟೋಕನ್ ಕಾಪಾಡುವುದು ದೂರದ ಕಳ್ಳನಿಂದ. ಹತ್ತಿರದವರಿಂದ ಅದು ಕಾಪಾಡುವುದಿಲ್ಲ. ಇದೇ ಈ ಪಾಠದ ಮುಖ್ಯ ಮಾತು.

ಓಟಿಪಿ ಯಾವ ಫೋನಿಗೆ ಬರುತ್ತದೆ?

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಮನೆಗೆ ಒಂದೇ ಸ್ಮಾರ್ಟ್ ಫೋನು. ಅದರಲ್ಲೇ ಅಂಗಡಿ ಆ್ಯಪ್, ಅದರಲ್ಲೇ ತಾಯಿಯ ಕಾರ್ಡ್ ಸೇವ್ ಆಗಿದೆ, ಬ್ಯಾಂಕಿನ ಓಟಿಪಿ ಬರುವ ಸಿಮ್ಮೂ ಅದರಲ್ಲೇ. ಪಿಯುಸಿ ಓದುವ ಮಗ ಸಂಜೆ ಫೋನ್ ಹಿಡಿದು ಕುಳಿತು ಇಯರ್‌ಫೋನ್ ಆರ್ಡರ್ ಹಾಕುತ್ತಾನೆ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಪರದೆ ಮೇಲೆ ರೆಡಿ ಇದೆ, ಓಟಿಪಿ ಅವನ ಕೈಯಲ್ಲಿರುವ ಫೋನಿಗೇ ಬರುತ್ತದೆ. ಹಿಂಬದಿಯ ಮೂರಂಕಿ ನಂಬರು, ಅದೇ ಸಿವಿವಿ, ಟೋಕನ್ ಆದ ಕಾರ್ಡಿಗೆ ಎಷ್ಟೋ ಕಡೆ ಕೇಳುವುದೂ ಇಲ್ಲ. ಅಡಿಗೆ ಮನೆಯಲ್ಲಿರುವ ತಾಯಿಗೆ ಗೊತ್ತಾಗುವುದು ಸಂಘದ ಕಂತು ಕಟ್ಟಲು ಹೋದ ದಿನ.

ಇಲ್ಲಿ ಕಳ್ಳತನ ಆಗಿಲ್ಲ, ಮೋಸವೂ ಆಗಿಲ್ಲ. ಬ್ಯಾಂಕಿಗೆ ಹೋದರೆ “ನಿಮ್ಮ ಫೋನಿಗೇ ಓಟಿಪಿ ಬಂದಿದೆಯಲ್ಲಮ್ಮ” ಎನ್ನುತ್ತಾರೆ, ಅವರು ಹೇಳುವುದೂ ಸರಿ. ಮಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಬಾಗಿಲು ತೆರೆದಿಟ್ಟವರು ಮನೆಯವರೇ. ಹೀಗಿರುವ ಮನೆಯಲ್ಲಿ ಕಾರ್ಡ್ ಸೇವ್ ಮಾಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಪ್ರತಿ ಸಲ ಹದಿನಾರು ಅಂಕಿ ಒತ್ತುವುದು ಕಷ್ಟವೇ. ಆದರೆ ಆ ಎರಡು ನಿಮಿಷದಲ್ಲಿ “ಇದು ನಿಜವಾಗಿ ಬೇಕಾ” ಎಂದು ಯೋಚಿಸಲೂ ಸಮಯ ಸಿಗುತ್ತದೆ. ಸುಲಭ ಮಾಡಿಕೊಟ್ಟಷ್ಟೂ ನಾವು ಹೆಚ್ಚು ಕೊಳ್ಳುತ್ತೇವೆ ಎಂದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು!

ಇದರ ಇನ್ನೊಂದು ಮುಖವೂ ಇದೆ, ಅದನ್ನು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳಬೇಕು. ಹೆಂಡತಿಯ ಕಾರ್ಡು ಗಂಡನ ಅಕೌಂಟಿನಲ್ಲಿ, ಮೈದುನನ ಅಕೌಂಟಿನಲ್ಲಿ, ಮೊಬೈಲ್ ಅಂಗಡಿಯ ಹುಡುಗನ ಅಕೌಂಟಿನಲ್ಲಿ ಸೇವ್ ಆಗಿರುವುದುಂಟು. “ನನಗೆ ಗೊತ್ತಾಗಲ್ಲ, ನೀನೇ ಹಾಕಿಕೊಡು” ಎಂದು ಕಾರ್ಡು ಕೊಟ್ಟಿರುತ್ತೇವೆ. ಅವರು ತಮ್ಮ ಅಕೌಂಟಿನಿಂದ ಆರ್ಡರ್ ಹಾಕುವಾಗ ಸೇವ್ ಎಂಬಲ್ಲಿ ಟಿಕ್ ಇರುತ್ತದೆ, ಯಾರೂ ತೆಗೆಯುವುದಿಲ್ಲ. ನಮ್ಮ ಆ್ಯಪಿನಲ್ಲಿ ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ಅದನ್ನು ನೋಡಲು ಬೇರೆ ದಾರಿ ಇದೆ.

ನೋಡುವುದು, ತೆಗೆಯುವುದು

ಮೊದಲನೆಯ ದಾರಿ ಅಂಗಡಿ ಆ್ಯಪಿನ ಒಳಗೆ. ಇಂಗ್ಲಿಷ್ ಕಷ್ಟ ಎನ್ನುವವರು ಮೊದಲು ಭಾಷೆ ಬದಲಾಯಿಸಿಕೊಳ್ಳಿರಿ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲೇ ಕನ್ನಡದಲ್ಲಿ ಬಂದಿವೆ. ನಿಮ್ಮ ಹೆಸರು ಅಥವಾ ‘ಅಕೌಂಟ್’ ಎಂದಿರುವ ಜಾಗ ಒತ್ತಿ. ಅಲ್ಲಿ ಪೇಮೆಂಟ್, ಸೇವ್ ಆದ ಕಾರ್ಡುಗಳು, ವ್ಯಾಲೆಟ್ ಎಂಬಂಥ ಪದ ಹುಡುಕಿರಿ. ಒಂದೊಂದು ಆ್ಯಪಿನಲ್ಲಿ ಒಂದೊಂದು ಹೆಸರು, ಆಗಾಗ ಜಾಗವೂ ಬದಲಾಗುತ್ತದೆ, ಗಾಬರಿ ಬೇಡ. ಒಳಗೆ ಹೋದರೆ ಸೇವ್ ಆದ ಕಾರ್ಡುಗಳು ಕೊನೆಯ ನಾಲ್ಕು ಅಂಕಿಯೊಂದಿಗೆ ಕಾಣುತ್ತವೆ. ಬೇಡದ್ದನ್ನು ಒತ್ತಿ ‘ರಿಮೂವ್’ ಅಥವಾ ‘ಡಿಲೀಟ್’ ಮಾಡಿರಿ. ಅವಧಿ ಮುಗಿದ ಹಳೇ ಕಾರ್ಡು ಇದ್ದರೆ ಅದನ್ನೂ ತೆಗೆಯಿರಿ.

ಕೆಲವರಿಗೆ ಒಂದು ಅನುಮಾನ: ಸಾಮಾನು ವಾಪಸ್ ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ, ಈಗ ಕಾರ್ಡ್ ತೆಗೆದರೆ ಆ ದುಡ್ಡು ಹೋಗುತ್ತಾ? ಹೋಗುವುದಿಲ್ಲ. ಯಾವ ಕಾರ್ಡಿನಿಂದ ಕಟ್ಟಿದ್ದೀರೋ ಅದರ ಖಾತೆಗೇ ಅದು ವಾಪಸ್ ಬರುತ್ತದೆ, ಸೇವ್ ಆಗಿರಬೇಕೆಂದಿಲ್ಲ. ಹಾಗೆಯೇ, ಕಾರ್ಡ್ ತೆಗೆದರೆ ಈಗಾಗಲೇ ಹಾಕಿದ ಆರ್ಡರ್ ರದ್ದಾಗುವುದೂ ಇಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ಬಹಳ ಕಡೆ ಇದೆ. ಆ್ಯಪನ್ನು ಫೋನಿನಿಂದ ಅಳಿಸಿಬಿಟ್ಟರೆ ಕಾರ್ಡೂ ಹೋಯಿತು ಎಂದು. ಹಾಗಲ್ಲ. ಕಾರ್ಡು ಫೋನಿನಲ್ಲಿ ಇರುವುದೇ ಇಲ್ಲ, ಅಕೌಂಟಿನಲ್ಲಿ ಇರುತ್ತದೆ. ಬೇರೆ ಯಾವ ಫೋನಿನಲ್ಲಿ ಅದೇ ಅಕೌಂಟ್ ತೆರೆದರೂ ಅದು ಅಲ್ಲಿ ಸಿಗುತ್ತದೆ. ಆದುದರಿಂದ ಹಳೇ ಫೋನ್ ಮಾರುವ ಮೊದಲು ಕಾರ್ಡ್ ತೆಗೆಯಬೇಕು, ಅಕೌಂಟಿನಿಂದ ಲಾಗ್ ಔಟ್ ಆಗಬೇಕು. ಫೋನ್ ಕಳೆದುಹೋದರೆ ಬೇರೆ ಫೋನಿನಿಂದ ಒಳಗೆ ಹೋಗಿ ಪಾಸ್‌ವರ್ಡ್ ಬದಲಾಯಿಸಬೇಕು, ಸಿಮ್ ಬ್ಲಾಕ್ ಮಾಡಿಸಬೇಕು.

ಎರಡನೆಯ ದಾರಿ ಬ್ಯಾಂಕು. ನಿಮ್ಮ ಕಾರ್ಡಿಗೆ ಯಾವ ಯಾವ ಅಂಗಡಿಯಲ್ಲಿ ಟೋಕನ್ ಆಗಿದೆ ಎಂಬ ಪಟ್ಟಿ ನೋಡುವ, ಬೇಡದ್ದನ್ನು ತೆಗೆದುಹಾಕುವ ವ್ಯವಸ್ಥೆಯನ್ನು ಕಾರ್ಡ್ ಕೊಟ್ಟ ಬ್ಯಾಂಕು ಮಾಡಿಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬೇರೆಯವರ ಅಕೌಂಟಿನಲ್ಲಿ ಉಳಿದುಹೋದ ಕಾರ್ಡು ಸಿಗುವುದು ಇಲ್ಲಿ. ಬ್ಯಾಂಕಿನ ಆ್ಯಪ್ ಬಳಸಲು ಬಾರದಿದ್ದರೆ ಶಾಖೆಗೆ ಹೋಗಿ “ನನ್ನ ಕಾರ್ಡಿನ ಟೋಕನ್ ಪಟ್ಟಿ ನೋಡಬೇಕು” ಎಂದು ಕೇಳಿರಿ. ಇದು ನಿಮ್ಮ ಹಕ್ಕು, ಉಪಕಾರ ಅಲ್ಲ. ಕೌಂಟರಿನವರು “ಅದೆಲ್ಲ ನಿಮಗ್ಯಾಕೆ” ಎಂದರೆ ಮ್ಯಾನೇಜರನ್ನು ಕೇಳಿರಿ. ಇಬ್ಬರು ಮೂವರು ಸದಸ್ಯೆಯರು ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು.

ಬ್ಯಾಂಕಿಗೆ ಹೋದಾಗಲೇ ಇನ್ನೆರಡು ಕೆಲಸ ಮುಗಿಸಿರಿ. ಖಾತೆಗೆ ಯಾರ ಮೊಬೈಲ್ ನಂಬರು ಜೋಡಿಸಿದೆ ಎಂದು ವಿಚಾರಿಸಿರಿ. ಯಜಮಾನರ ನಂಬರು ಇದ್ದರೆ ಓಟಿಪಿ ಹೋಗುವುದು ಅವರಿಗೆ, ದುಡ್ಡು ಕಡಿತವಾದ ಮೆಸೇಜ್ ಹೋಗುವುದೂ ಅವರಿಗೆ. ಖಾತೆ ನಿಮ್ಮದಾದರೆ ನಂಬರೂ ನಿಮ್ಮದೇ ಇರಲಿ. ಎರಡನೆಯದು, ಕಾರ್ಡಿನ ಆನ್‌ಲೈನ್ ಬಳಕೆ. 2020ರ ಜನವರಿಯ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಆನ್‌ಲೈನ್ ಬಳಕೆ, ವಿದೇಶದ ಬಳಕೆ, ಇವುಗಳನ್ನು ಬೇರೆ ಬೇರೆಯಾಗಿ ಚಾಲೂ ಮಾಡಬಹುದು, ಬಂದ್ ಮಾಡಬಹುದು, ಇಷ್ಟೇ ಮೊತ್ತ ಎಂದು ಮಿತಿಯನ್ನೂ ಹಾಕಬಹುದು. ವಿದೇಶದ ಬಳಕೆ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿಯೇ ಇಲ್ಲ, ಬಂದ್ ಇರಲಿ. ಆನ್‌ಲೈನ್‌ಗೆ ಒಂದು ಸಾವಿರ, ಎರಡು ಸಾವಿರ ಮಿತಿ ಇಟ್ಟರೆ ಎಷ್ಟು ದೊಡ್ಡ ಎಡವಟ್ಟಾದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ಸಾಧ್ಯವಾದರೆ ಇನ್ನೊಂದು ಸಣ್ಣ ಖಾತೆ ತೆರೆದು, ಆರ್ಡರ್ ಹಾಕುವಾಗ ಬೇಕಾದಷ್ಟೇ ದುಡ್ಡು ಅದಕ್ಕೆ ಹಾಕಿ, ಆ ಕಾರ್ಡನ್ನು ಮಾತ್ರ ಆ್ಯಪಿಗೆ ಕೊಡಿರಿ. ಸಂತೆಗೆ ಹೋಗುವಾಗ ಬೀರುವಿನ ದುಡ್ಡನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದಿಲ್ಲ ಅಲ್ಲವೇ!

ಓಟಿಪಿ ಇಲ್ಲದೆ ಹೋಗುವ ದುಡ್ಡು

ಆ್ಯಪಿನ ವ್ಯಾಲೆಟ್ಟಿಗೆ ತುಂಬಿಸಿಟ್ಟ ಹಣ ಎಷ್ಟೋ ಕಡೆ ಓಟಿಪಿ ಕೇಳದೆ ಖರ್ಚಾಗುತ್ತದೆ. ಹಾಗಾಗಿ ಅಲ್ಲಿ ಹೆಚ್ಚು ಇಡಬೇಡಿರಿ. ‘ಈಗ ತಗೊಳ್ಳಿ, ಆಮೇಲೆ ಕೊಡಿ’ ಎನ್ನುವುದು ಸಾಲವೇ, ಬೇರೇನೂ ಅಲ್ಲ. ಸಂಘದ ಸಾಲಕ್ಕೆ ಹತ್ತು ಜನರ ಮುಂದೆ ಕಾರಣ ಹೇಳಿ ಸಹಿ ಹಾಕುವ ನಾವು ಇದಕ್ಕೆ ಒಂದು ಬೆರಳಲ್ಲಿ ಒಪ್ಪಿಬಿಡುತ್ತೇವೆ. ಮತ್ತೆ ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂಬ ಸದಸ್ಯತ್ವಗಳು. ಮೊದಲ ಸಲ ಓಟಿಪಿ ಕೊಟ್ಟು ಒಪ್ಪಿದರೆ, ಮುಂದಿನ ಕಂತುಗಳು 15,000 ರೂಪಾಯಿವರೆಗೆ ಓಟಿಪಿ ಇಲ್ಲದೆ ತಾವಾಗಿಯೇ ಕಡಿತವಾಗುತ್ತವೆ. 24 ಗಂಟೆ ಮುಂಚೆ ಮೆಸೇಜ್ ಬರಬೇಕು ಎಂದು ನಿಯಮ. ಆ ಮೆಸೇಜ್ ಬಂದಾಗ ಓದಿರಿ, ಬೇಡವಾದರೆ ಆಗಲೇ ರದ್ದು ಮಾಡಿರಿ.

ಸಂಘದ ಪದಾಧಿಕಾರಿಗಳಿಗೆ ಒಂದು ಮಾತು. ಹೊಲಿಗೆಯ ದಾರ, ಹಪ್ಪಳದ ಪ್ಯಾಕಿಂಗ್ ಕವರು ಎಂದು ಸಂಘಕ್ಕೆ ಆನ್‌ಲೈನಿನಲ್ಲಿ ತರಿಸುವುದುಂಟು. ತರಿಸಿರಿ. ಆದರೆ ಸಂಘದ ಖಾತೆಯನ್ನು ಯಾವ ಆ್ಯಪಿಗೂ ಜೋಡಿಸಬೇಡಿರಿ. ಇಬ್ಬರ ಸಹಿ ಬೇಕು ಎಂದು ನಿರ್ಣಯ ಮಾಡಿಟ್ಟ ಹಣಕ್ಕೆ ಒಬ್ಬರ ಫೋನು ಸಾಕಾಗುವಂತೆ ಮಾಡಿದರೆ ಆ ನಿರ್ಣಯಕ್ಕೆ ಬೆಲೆ ಏನು? ತರಿಸಿದವರು ಬಿಲ್ಲು ತೋರಿಸಲಿ, ಸಂಘ ಅವರಿಗೆ ಹಣ ಕೊಡಲಿ.

ಏನಾದರೂ ಆಗಿಹೋದರೆ

“ನಿಮ್ಮ ಸೇವ್ ಆದ ಕಾರ್ಡಿನ ಅವಧಿ ಮುಗಿದಿದೆ, ಓಟಿಪಿ ಹೇಳಿ”, “ರೀಫಂಡ್ ಕಳಿಸುತ್ತೇವೆ, ಪಿನ್ ಒತ್ತಿ” ಎಂದು ಕನ್ನಡದಲ್ಲೇ ನಯವಾಗಿ ಮಾತನಾಡುವವರು ಫೋನ್ ಮಾಡುತ್ತಾರೆ. ದುಡ್ಡು ಬರಲು ಓಟಿಪಿಯೂ ಬೇಡ, ಪಿನ್ನೂ ಬೇಡ. ಕಟ್ ಮಾಡಿರಿ. ಅಂಗಡಿಯವರ ಸಹಾಯ ಬೇಕಿದ್ದರೆ ಆ್ಯಪಿನ ಒಳಗಿರುವ ಸಹಾಯ ಪುಟಕ್ಕೇ ಹೋಗಿರಿ. ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿರಿ.

ನೀವು ಮಾಡದ ಖರ್ಚಿನ ಮೆಸೇಜ್ ಬಂದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿರಿ, ಕೂಡಲೇ 1930ಕ್ಕೆ ಫೋನ್ ಮಾಡಿರಿ. ಇದು ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಅವರು ಪ್ರಯತ್ನಿಸುತ್ತಾರೆ, ಆದುದರಿಂದ ಗಂಟೆಗಳೂ ಮುಖ್ಯ. ‘ನಾಳೆ ಅವರು ಬಂದ ಮೇಲೆ ಕೇಳೋಣ’ ಎಂದು ಕಾಯಬೇಡಿರಿ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ನಂಬರು ಪಡೆದುಕೊಳ್ಳಿರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುವುದು ಹೀಗೆ: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರ ಕೈವಾಡ ಎಂದಾದರೆ, ಮೆಸೇಜ್ ಬಂದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ನಾಲ್ಕರಿಂದ ಏಳು ದಿನವಾದರೆ ನಷ್ಟದ ಒಂದು ಭಾಗ ನಿಮ್ಮದೂ ಆಗುತ್ತದೆ. ಅದಕ್ಕೆ ಮಿತಿ ಜನಧನದಂಥ ಮೂಲ ಉಳಿತಾಯ ಖಾತೆಗೆ 5,000, ಇತರ ಉಳಿತಾಯ ಖಾತೆಗೆ 10,000 ರೂಪಾಯಿ. ಆದರೆ ಓಟಿಪಿ ಅಥವಾ ಪಿನ್ ನೀವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮದೇ. ಹಾಗಾದರೂ ಬೇಗ ತಿಳಿಸಬೇಕು, ತಿಳಿಸಿದ ನಂತರ ಹೋದದ್ದಕ್ಕೆ ಬ್ಯಾಂಕು ಹೊಣೆ.

ಮುಂದಿನ ಸಭೆಗೆ

ಸ್ಮಾರ್ಟ್ ಫೋನ್ ಇರುವವರು ತಂದುಕೊಳ್ಳಿರಿ. ಪ್ರತಿಯೊಬ್ಬರೂ ತಮ್ಮ ಅಂಗಡಿ ಆ್ಯಪ್ ತೆರೆದು ಎಷ್ಟು ಕಾರ್ಡು ಸೇವ್ ಆಗಿದೆ, ಅದರಲ್ಲಿ ಯಾರ್ಯಾರದ್ದಿದೆ ಎಂದು ನೋಡಲಿ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಇದ್ದರೆ ಕರೆತನ್ನಿ, ಅವರು ನಮಗಿಂತ ಬೇಗ ಹುಡುಕಿಕೊಡುತ್ತಾರೆ. ಆದರೆ ತೆಗೆಯುವ ಬಟನ್ ಮಾತ್ರ ನಿಮ್ಮ ಬೆರಳಿನಿಂದಲೇ ಒತ್ತಿರಿ, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಅವರನ್ನೇ ಕರೆಯಬೇಕಾಗುತ್ತದೆ. ಬ್ಯಾಂಕಿನ ಪಟ್ಟಿ ನೋಡಲು ಯಾವ ದಿನ, ಯಾರ್ಯಾರು ಒಟ್ಟಿಗೆ ಹೋಗುವುದು ಎಂದು ಆ ದಿನವೇ ತೀರ್ಮಾನಿಸಿರಿ. ನಡಾವಳಿ ಪುಸ್ತಕದಲ್ಲಿ ಯಾರ ಕಾರ್ಡಿನ ನಂಬರನ್ನೂ ಬರೆಯಬೇಡಿರಿ. ಇಷ್ಟು ಜನ ನೋಡಿದರು, ಇಷ್ಟು ಜನ ತೆಗೆದರು ಎಂದು ಬರೆದರೆ ಸಾಕು.