ಹಳೆಯ ರಂಗಮಂದಿರದ ಜೀರ್ಣೋದ್ಧಾರ: ವೆಚ್ಚ ಯಾವ ಖಾತೆಗೆ?

ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿರುವ ಒಪೆರಾ ಹೌಸ್ ಬ್ರಿಟಿಷರ ಕಾಲದ ಕಟ್ಟಡ. ನಾಟಕ, ಸಂಗೀತರೂಪಕಗಳಿಗೆ ವೇದಿಕೆಯಾಗಿದ್ದ ಇದು ಮುಂದೆ ಚಿತ್ರಮಂದಿರವಾಯಿತು; ಬಳಿಕ ಬಳಕೆಯಿಲ್ಲದೆ ಶಿಥಿಲಗೊಂಡಿತು. ಸ್ಯಾಮ್‌ಸಂಗ್ ಸಂಸ್ಥೆಯು ಸುಮಾರು ಎರಡು ವರ್ಷ ಜೀರ್ಣೋದ್ಧಾರ ನಡೆಸಿ, 2018ರ ಸೆಪ್ಟೆಂಬರ್‌ನಲ್ಲಿ ಇದನ್ನು 33,000 ಚದರ ಅಡಿಯ ಪ್ರದರ್ಶನ ಕೇಂದ್ರವಾಗಿ ತೆರೆಯಿತು. ಹಳೆಯ ಕಟ್ಟಡವನ್ನು ಕೆಡವದೆಯೂ ಹೊಸ ವ್ಯಾಪಾರಕ್ಕೆ ಒಗ್ಗಿಸಬಹುದೆಂಬುದಕ್ಕೆ ಇದು ನಿದರ್ಶನ.

ಯಾದಗಿರಿ, ಶಹಾಪುರ, ಸುರಪುರ, ದೇವಾಪುರಗಳ ವರ್ತಕರು ಹಳೆಯ ಮಳಿಗೆ, ಉಗ್ರಾಣ, ಜಿನ್ನಿಂಗ್ ಕಾರ್ಖಾನೆಗಳನ್ನು ನವೀಕರಿಸುವಾಗಲೂ ಒಂದು ಪ್ರಶ್ನೆ ಏಳುತ್ತದೆ: ಈ ವೆಚ್ಚವು ದುರಸ್ತಿಯೋ, ಬಂಡವಾಳವೋ?

ಚಿತ್ರಮಂದಿರದ ತೀರ್ಪು

ಬಲ್ಲೀಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಸರ್ವೋಚ್ಚ ನ್ಯಾಯಾಲಯದ ಮುಂದಿದ್ದುದು ಒಂದು ಚಿತ್ರಮಂದಿರದ ನವೀಕರಣ ವೆಚ್ಚವೇ. ಮಾಲೀಕರು ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ವಿದ್ಯುತ್ ತಂತಿ, ಹೊಸ ನೈರ್ಮಲ್ಯ ಸಾಧನಗಳನ್ನು ಅಳವಡಿಸಿ, ಕಟ್ಟಡವನ್ನೂ ವ್ಯಾಪಕವಾಗಿ ದುರಸ್ತಿಗೊಳಿಸಿದ್ದರು. ಇದು ‘ಚಾಲ್ತಿ ದುರಸ್ತಿ’ಯಲ್ಲ, ಸಂಪೂರ್ಣ ನವೀಕರಣ, ಆದ್ದರಿಂದ ಬಂಡವಾಳ ವೆಚ್ಚವೆಂದು ನ್ಯಾಯಾಲಯ ನಿರ್ಣಯಿಸಿತು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚ ಮಾತ್ರ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನಾಗಲಿ ಹೊಸ ಅನುಕೂಲವನ್ನಾಗಲಿ ತರುವಂಥದ್ದು ಅಲ್ಲ ಎಂಬುದೇ ಒರೆಗಲ್ಲು.

ಲೆಕ್ಕದಲ್ಲಿ ಪರಿಣಾಮ

ಪಾಲುದಾರಿಕೆ ಸಂಸ್ಥೆಯೊಂದು ಮಳಿಗೆಯ ನವೀಕರಣಕ್ಕೆ 20 ಲಕ್ಷ ರೂ. ವ್ಯಯಿಸಿ, ಪೂರ್ತಿಯಾಗಿ ದುರಸ್ತಿ ಖಾತೆಗೆ ಬರೆದಿದೆಯೆಂದು ಭಾವಿಸೋಣ. ಅದು ಬಂಡವಾಳವೆಂದು ತೀರ್ಮಾನವಾದರೆ, ಶೇ. 10ರ ಸವಕಳಿಯಂತೆ ಆ ವರ್ಷ ದೊರೆಯುವುದು 2 ಲಕ್ಷ ರೂ. ಮಾತ್ರ. ಉಳಿದ 18 ಲಕ್ಷಕ್ಕೆ ಶೇ. 30ರ ದರದಲ್ಲಿ 5.40 ಲಕ್ಷ ರೂ. ತೆರಿಗೆ, ಅದರ ಮೇಲೆ ಉಪಕರ ಹಾಗೂ ಬಡ್ಡಿ ಬೀಳುತ್ತದೆ. ಕಟ್ಟಡವು ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ ಸವಕಳಿಯೂ ಅರ್ಧಕ್ಕಿಳಿಯುತ್ತದೆ.

ಗಮನಿಸಬೇಕಾದ ಅಂಶಗಳು

1. ಸುಣ್ಣಬಣ್ಣ, ಸೋರಿಕೆ ತಡೆ, ಒಡೆದ ಹೆಂಚಿನ ಬದಲಾವಣೆ ಮುಂತಾದವುಗಳ ಬಿಲ್ಲುಗಳನ್ನು ನವೀಕರಣದ ಬಿಲ್ಲುಗಳಿಂದ ಪ್ರತ್ಯೇಕವಾಗಿ ಪಡೆಯಬೇಕು.

2. ಬಾಡಿಗೆ ಕಟ್ಟಡವಾದರೂ, ಬಾಡಿಗೆದಾರನು ವ್ಯಾಪಾರಕ್ಕಾಗಿ ಮಾಡಿದ ಬಂಡವಾಳ ಸ್ವರೂಪದ ನವೀಕರಣಕ್ಕೆ ಸವಕಳಿ ಪಡೆಯಬಹುದು. 1961ರ ಕಾಯ್ದೆಯ 32ನೇ ಕಲಮಿನ 1ನೇ ವಿವರಣೆ ಇದನ್ನು ಸ್ಪಷ್ಟಪಡಿಸಿತ್ತು. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಪಡೆದ 2025ರ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬೇರೆಯಾಗಿವೆ.

3. ಬಂಡವಾಳವೆಂದು ಪರಿಗಣಿಸಿದ ಕಟ್ಟಡ ನವೀಕರಣದ ಜಿ.ಎಸ್.ಟಿ.ಗೆ, 17(5)ನೇ ಕಲಮಿನನ್ವಯ, ಸಾಮಾನ್ಯ ವರ್ತಕನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದಾಜು ಪಟ್ಟಿಯಲ್ಲಿ ಈ ಮೊತ್ತವನ್ನು ವೆಚ್ಚವೆಂದೇ ಸೇರಿಸಬೇಕು.

ಕೆಲಸಕ್ಕೆ ಮುನ್ನವೇ ಈ ವಿಂಗಡಣೆ ಮಾಡಿಕೊಂಡರೆ ಹಳೆಯ ಕಟ್ಟಡವೂ ಉಳಿಯುತ್ತದೆ, ದುಡಿಯುವ ಬಂಡವಾಳವೂ ಉಳಿಯುತ್ತದೆ.