ರೈತರ ಪಟ್ಟಿಯಲ್ಲಿ ಒಬ್ಬನ ಹೆಸರು ಎರಡಾಗುವುದು: ಅದನ್ನು ಕಂಡುಹಿಡಿಯುವ ಕ್ರಮ

ಪಹಣಿಯಲ್ಲಿ "ಬಸವರಾಜು ಬಿನ್ ಸಿದ್ಧಪ್ಪ" ಎಂದಿರುವ ರೈತನು ಸಹಕಾರ ಸಂಘದ ಪುಸ್ತಕದಲ್ಲಿ "ಬಸವರಾಜ" ಎಂದೂ, ಬ್ಯಾಂಕಿನ ಲೆಕ್ಕದಲ್ಲಿ "ಎಸ್. ಬಸವರಾಜ್" ಎಂದೂ ದಾಖಲಾಗಿರುವುದುಂಟು. ಗ್ರಾಮಸ್ಥರಿಗೆ ಈತನು ಒಬ್ಬನೇ. ಗಣಕಯಂತ್ರಕ್ಕಾದರೋ ಅಕ್ಷರವೊಂದು ಬೇರೆಯಾದರೆ ಮನುಷ್ಯನೇ ಬೇರೆ. ಇದರಿಂದ ಒಬ್ಬನಿಗೆ ಸಹಾಯಧನವು ಎರಡು ಬಾರಿ ಸಲ್ಲಬಹುದು. ಇನ್ನೊಬ್ಬನಿಗೆ ಹೆಸರು ತಾಳೆಯಾಗದೆ ನಿಂತುಹೋಗಲೂಬಹುದು. ಆದುದರಿಂದ ಪಟ್ಟಿಯನ್ನು ಈ ಕೆಳಗಿನ ಕ್ರಮದಿಂದ ಪರಿಶೋಧಿಸುವುದು ಯುಕ್ತವು.

೧. ಬರಹವನ್ನು ಸಮಗೊಳಿಸುವುದು.— ಮೂಲ ಬರಹವನ್ನು ಮುಟ್ಟದೆ, ಹೋಲಿಕೆಗಾಗಿಯೇ ಪ್ರತಿಯೊಂದು ಹೆಸರಿಗೂ ಬೇರೊಂದು ನಕಲನ್ನು ಮಾಡಿಕೊಳ್ಳತಕ್ಕದ್ದು. ನಕಲಿನಲ್ಲಿ ಶ್ರೀ, ಶ್ರೀಮತಿ ಎಂಬಿವನ್ನು ತೆಗೆದು, ಮೊದಲಕ್ಷರಗಳನ್ನು ಬೇರೆ ಅಂಕಣದಲ್ಲಿಡಬೇಕು. ಶ, ಷ, ಸಗಳನ್ನು ಒಂದೆಂದೆಣಿಸಿ, ಮಹಾಪ್ರಾಣಗಳನ್ನು ಅಲ್ಪಪ್ರಾಣಗಳಾಗಿಸಿ, ಕೊನೆಯ ಉಕಾರವನ್ನೂ ಅರ್ಧಾಕ್ಷರವನ್ನೂ ಅಕಾರಕ್ಕೆ ತಿರುಗಿಸಿದರೆ, ಮಹೇಶ, ಮಹೇಷ್ ಎಂಬುವೂ, ಸಿದ್ಧಪ್ಪ, ಸಿದ್ದಪ್ಪ ಎಂಬುವೂ ಒಂದಾಗುತ್ತವೆ. ಉಚ್ಚಾರವನ್ನನುಸರಿಸಿ ಹೆಸರುಗಳನ್ನು ಗುಂಪುಗೂಡಿಸುವ ಕ್ರಮವೊಂದಕ್ಕೆ ಅಮೆರಿಕದ ರಾಬರ್ಟ್ ರಸೆಲ್ ಎಂಬವರು ೧೯೧೮ರಲ್ಲಿಯೇ ಪೇಟೆಂಟು ಪಡೆದಿದ್ದರು.

೨. ಗ್ರಾಮವಾರು ವಿಂಗಡಿಸುವುದು.— ಸಾವಿರ ಹೆಸರುಗಳನ್ನು ಒಂದಕ್ಕೊಂದು ಹೋಲಿಸಿದರೆ ೪,೯೯,೫೦೦ ಜೋಡಿಗಳಾಗುತ್ತವೆ. ಅವನ್ನೇ ನೂರು ಹೆಸರುಗಳ ಹತ್ತು ಗ್ರಾಮಗಳಾಗಿ ವಿಂಗಡಿಸಿದರೆ ೪೯,೫೦೦ ಮಾತ್ರ. ಎರಡು ಗ್ರಾಮಗಳಲ್ಲಿ ಜಮೀನುಳ್ಳವರು ಇದರಲ್ಲಿ ತಪ್ಪಿಹೋಗುವುದರಿಂದ, ತಂದೆಯ ಹೆಸರಿನ ಮೇಲೆ ಇನ್ನೊಮ್ಮೆ ವಿಂಗಡಿಸಿ ನೋಡತಕ್ಕದ್ದು.

೩. ಅಕ್ಷರಗಳ ಅಂತರವನ್ನೆಣಿಸುವುದು.— ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಬಿಡಬೇಕು ಅಥವಾ ಬದಲಾಯಿಸಬೇಕು ಎಂಬುದೇ ಅಂತರವು. ಈ ಅಳತೆಯನ್ನು ರಷ್ಯದ ಲೆವೆನ್‌ಷ್ಟೀನ್ ಎಂಬ ಗಣಿತಜ್ಞರು ೧೯೬೫ರಲ್ಲಿ ನಿರೂಪಿಸಿದರು. ಚನ್ನಪ್ಪ, ಚೆನ್ನಪ್ಪ ಎಂಬುವಕ್ಕೆ ಒಂದಕ್ಷರದ ಅಂತರ. ಇವು ಒಬ್ಬನವೇ ಆಗಿರಬಹುದು. ಆದರೆ ನಂಜಪ್ಪ, ನಂಜಮ್ಮ ಎಂಬುವಕ್ಕೂ ಒಂದೇ ಅಕ್ಷರದ ಅಂತರ. ಒಬ್ಬನು ಗಂಡಸು, ಒಬ್ಬಳು ಹೆಂಗಸು! ಆದುದರಿಂದ ಅಂತರವು ಸಂಶಯಕ್ಕೆ ಕಾರಣವೇ ಹೊರತು ತೀರ್ಪಲ್ಲ.

೪. ಬೇರೆ ಸಾಕ್ಷ್ಯಗಳನ್ನು ನೋಡುವುದು.— ಬಿನ್ ಅಥವಾ ಕೋಂ ಎಂಬುದರ ಮುಂದಿನ ಹೆಸರು, ಜನ್ಮದಿನಾಂಕ, ಸರ್ವೆ ನಂಬರು ಇವುಗಳನ್ನು ಕೂಡಿಸಿಯೇ ನೋಡಬೇಕು. ಜಂಟಿ ಖಾತೆಯಲ್ಲಿ ಹಲವರಿಗೆ ಸರ್ವೆ ನಂಬರು ಒಂದೇ ಆಗಿರುತ್ತದೆ. ತಾತನ ಹೆಸರನ್ನು ಮೊಮ್ಮಕ್ಕಳಿಗಿಡುವ ಮನೆತನಗಳಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರಿಗೂ ಒಂದೇ ಹೆಸರಿರುವುದುಂಟು. ಅಲ್ಲಿ ತಂದೆಯ ಹೆಸರೇ ಆಧಾರ.

೫. ಅಳಿಸದಿರುವುದು.— ಒಬ್ಬನೇ ಎಂದು ನಿಶ್ಚಯವಾದರೂ ಯಾವ ದಾಖಲೆಯನ್ನೂ ಅಳಿಸಕೂಡದು. ಎರಡಕ್ಕೂ ಒಂದೇ ಗುರುತಿನ ಸಂಖ್ಯೆಯನ್ನು ಕೊಟ್ಟು, ಕಾರಣವನ್ನೂ ದಿನಾಂಕವನ್ನೂ ಬರೆದಿಡತಕ್ಕದ್ದು. ತಪ್ಪಾಗಿದ್ದರೆ ಬಿಡಿಸಲು ಸಾಧ್ಯವಾಗುವುದು.

ಒಬ್ಬನನ್ನು ಇಬ್ಬರೆಂದೆಣಿಸಿದರೆ ಬೊಕ್ಕಸಕ್ಕೆ ನಷ್ಟ. ಇಬ್ಬರನ್ನು ಒಬ್ಬನೆಂದೆಣಿಸಿದರೆ ಒಂದು ಬಡ ಸಂಸಾರಕ್ಕೆ ಬರಬೇಕಾದುದೇ ಬಾರದೆ ಹೋಗುವುದು. ಯಂತ್ರವು ಸಂಶಯದ ಜೋಡಿಗಳನ್ನು ತೋರಿಸಬಲ್ಲುದು. ಅವರು ಯಾರು ಯಾರೆಂಬುದನ್ನು ಬಲ್ಲವರು ಗ್ರಾಮದ ಹಿರಿಯರೇ. ಅಂತಹ ಪಟ್ಟಿಯು ಪರಿಶೀಲನೆಗೆ ಬಂದಾಗ ಗ್ರಾಮದ ಮುಖಂಡರೂ ಜಮೀನುದಾರರೂ ಸಂಬಂಧಪಟ್ಟ ರೈತರನ್ನು ಕರೆಯಿಸಿ ವಿಚಾರಿಸಿ, ಅನಂತರವೇ ಒಪ್ಪಿಗೆ ಕೊಡುವುದು ಉತ್ತಮವು.